ಕಡಲಿಗೂ ಒಂದು ಕೆರೆಗೊಡಗೆ



ದತ್ತಿ ಎಂಬ ಮಾತು ಈ ನೆಲಕ್ಕೆ ಹಳೆಯದು. ನಮ್ಮ ಶಾಸನಗಳಲ್ಲಿ ದೇಗುಲಕ್ಕೆ, ಬಸದಿಗೆ, ಮಠಕ್ಕೆ, ಕೆರೆಗೆ ಭೂಮಿ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಕೆರೆಯ ಹೆಸರಿನಲ್ಲಿ ಬಿಟ್ಟ ಭೂಮಿಗೆ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರುಗಳೇ ಇದ್ದವು. ಈ ಏರ್ಪಾಡಿನ ಹಿಂದೆ ಆಳವಾದ ತಿಳಿವಳಿಕೆಯೊಂದಿದೆ. ಕೆರೆ ಕಟ್ಟಿಸಿದವರನ್ನು ಹೊಗಳಿ ಕೈತೊಳೆದುಕೊಂಡರೆ ಕೆರೆ ಉಳಿಯುವುದಿಲ್ಲ. ವರ್ಷ ವರ್ಷವೂ ಹೂಳು ತೆಗೆಯಬೇಕು, ಏರಿಯ ಬಿರುಕು ಮುಚ್ಚಬೇಕು, ತೂಬು ನೋಡಿಕೊಳ್ಳಬೇಕು. ಅದಕ್ಕಾಗಿ ವರ್ಷ ವರ್ಷವೂ ಆದಾಯ ಬರುವಂತೆ ಹೊಲವನ್ನೇ ಬಿಟ್ಟರು. ಬಂಕಾಪುರದ ಈ ದತ್ತಿ ಉಪನ್ಯಾಸದ ವಿಷಯ ಕಡಲಿನದು. ಅರಬ್ಬಿ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ತೇಲುತ್ತಾ ಗಾಳಿ, ನೀರು, ಶಾಖ, ಒತ್ತಡಗಳನ್ನು ಅಳೆಯುವ ಸಾಧನಗಳನ್ನು ಕುರಿತದ್ದು. ಕಡಲು ಕಾಣದ ಊರಿನಲ್ಲಿ ಕಡಲಿನ ಮಾತೇಕೆ ಎಂದು ಕೇಳುವವರಿಗೆ ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಾಧನಗಳು ಬಂಕಾಪುರದ ಹೊಲಕ್ಕೂ ಸೇರಿದವು. ಅವುಗಳ ಬೆಲೆ ಇರುವುದು ಅಳತೆ ಕಡಿಯದೆ ಸಾಗುವುದರಲ್ಲಿ. ಆದ್ದರಿಂದ ಅವುಗಳನ್ನು ಕೊಳ್ಳಲು ಹಣ ಒದಗಿಸಿದರೆ ಸಾಲದು, ಕಾಯಲು ಕೆರೆಗೊಡಗೆಯಂಥ ಕಾಯಂ ಏರ್ಪಾಡು ಬೇಕು. ಅದನ್ನು ಕೇಳುವ ದನಿ ಕರಾವಳಿಯ ಜೊತೆಗೆ ಒಳನಾಡಿನಿಂದಲೂ ಏಳಬೇಕು.

ಬಂಕಾಪುರದಿಂದ ಹಕ್ಕಿ ಹಾರುವ ದಾರಿಯಲ್ಲಿ ಪಡುವಣಕ್ಕೆ ಹೋದರೆ ಸುಮಾರು 120 ಕಿಲೋಮೀಟರಿಗೆ ಕಾರವಾರದ ಕಡಲು ಸಿಗುತ್ತದೆ. ನಡುವೆ ಸಹ್ಯಾದ್ರಿ. ಮುಂಗಾರಿನ ಗಾಳಿ ಆ ಬೆಟ್ಟಸಾಲಿನ ಮೇಲೆ ತನ್ನ ಹೊರೆಯ ಬಹುಪಾಲನ್ನು ಇಳಿಸಿ, ಉಳಿದದ್ದನ್ನು ಹೊತ್ತು ನಮ್ಮ ಕಡೆಗೆ ಬರುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಗೆರೆಯ ಮೇಲೆ ನಾವಿದ್ದೇವೆ. ಹಾನಗಲ್ಲಿನ ಕಡೆಗೆ ಭತ್ತದ ಗದ್ದೆ, ಮಾವಿನ ತೋಪು. ಸವಣೂರಿನ ಕಡೆಗೆ ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿ. ಹಿರೇಕೆರೂರು ಶಿಗ್ಗಾಂವಿಗಳಲ್ಲಿ ಕಣ್ಣು ಹಾಯುವಷ್ಟೂ ಗೋವಿನಜೋಳ. ಇಂಥ ಗೆರೆಯ ಮೇಲಿನ ಒಕ್ಕಲುತನಕ್ಕೆ ಮಳೆಯ ಸಣ್ಣ ಏರುಪೇರೂ ದೊಡ್ಡದು. ಗಾಳಿ ಒಂದಿಷ್ಟು ಬಿರುಸಾದರೆ ಹಾನಗಲ್ಲಿನ ಮಳೆ ಸವಣೂರಿಗೂ ಮುಟ್ಟುತ್ತದೆ, ಸೊರಗಿದರೆ ಶಿಗ್ಗಾಂವಿಯಲ್ಲೇ ನಿಂತುಬಿಡುತ್ತದೆ. ಆ ಬಿರುಸು ಎಲ್ಲಿಂದ ಬರಬೇಕು? ಸಮಭಾಜಕವನ್ನು ದಾಟಿ, ಸೋಮಾಲಿಯಾದ ಕರಾವಳಿಯನ್ನು ಸವರಿ, ಅರಬ್ಬಿ ಸಮುದ್ರದ ನೀರನ್ನು ಆವಿಯಾಗಿ ಹೀರಿಕೊಂಡು ಬರುವ ಗಾಳಿಯಿಂದ. ಅದನ್ನು ಸೆಳೆಯುವ ವಾಯುಭಾರ ಕುಸಿತಗಳು ಹಲವು ಸಲ ಬಂಗಾಳ ಕೊಲ್ಲಿಯಲ್ಲಿ ಹುಟ್ಟುತ್ತವೆ. ಹಿಂಗಾರಿನಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಒಣಗಿಸುವ ಹೊತ್ತಿಗೆ ಬಂದು ಕಣ ಕೆಡಿಸುವ ಮಳೆಯ ಬೇರೂ ಸಾಮಾನ್ಯವಾಗಿ ಅದೇ ಕೊಲ್ಲಿಯಲ್ಲಿರುತ್ತದೆ. ಹೀಗೆ ನಮ್ಮ ಹೊಲ ಎರಡು ಕಡಲುಗಳಿಗೆ ಕಟ್ಟಿಕೊಂಡಿದೆ. ಇನ್ನೊಂದು ಸಂಗತಿಯೂ ಇದೆ. ನೆಲದಿಂದ ಮುಗಿಲಿನವರೆಗಿನ ಇಡೀ ಗಾಳಿಯ ಕಂಬ ಹಿಡಿಯಬಲ್ಲಷ್ಟು ಶಾಖವನ್ನು ಕಡಲಿನ ಮೇಲಿನ ಸುಮಾರು ಮೂರು ಮೀಟರ್ ನೀರೇ ಹಿಡಿಯುತ್ತದೆ. ಗಾಳಿ ತನ್ನ ನಿನ್ನೆಯನ್ನು ಬೇಗ ಮರೆಯುತ್ತದೆ. ಕಡಲು ತಿಂಗಳುಗಟ್ಟಲೆ ನೆನಪಿಡುತ್ತದೆ. ಮುಂದಿನ ವಾರಗಳ ಮಳೆಯ ಸುಳಿವು ಬೇಕಾದವರು ಕಡಲಿನ ನೆನಪನ್ನೇ ಕೇಳಬೇಕು.

ಕೇಳುವುದು ಹೇಗೆ? ಬಾವಿಯಲ್ಲಿ ಈಜು ಕಲಿಯುವ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ಇಂಗ್ಲಿಷಿನಲ್ಲಿ ಬಾಯ್ ಎನ್ನಿಸಿಕೊಳ್ಳುವ ಸಾಧನವನ್ನು ಆ ನೆನಪಿನಿಂದಲೇ ತೇಲುಬುರುಡೆ ಎನ್ನೋಣ. ಇದರಲ್ಲಿ ಎರಡು ಜಾತಿ. ಮೊದಲನೆಯದು ಲಂಗರು ಹಾಕಿದ್ದು. ಎರಡು ಮೀಟರಿಗಿಂತ ತುಸು ಹೆಚ್ಚು ಅಗಲದ ಹಳದಿ ಬಣ್ಣದ ತಟ್ಟೆಯಂಥ ಒಡಲು, ಅದರ ಮೇಲೆ ಗಾಳಿಯ ವೇಗ, ದಿಕ್ಕು, ತೇವಾಂಶ, ಒತ್ತಡ, ಮಳೆ, ಬಿಸಿಲುಗಳನ್ನು ಅಳೆಯುವ ಉಪಕರಣಗಳು, ಸೌರಫಲಕ, ಉಪಗ್ರಹದೊಂದಿಗೆ ಮಾತಾಡುವ ಆಂಟೆನಾ. ಕೆಳಗೆ ಸಾವಿರಾರು ಮೀಟರ್ ಆಳದ ತಳಕ್ಕೆ ಇಳಿದ ಹಗ್ಗ. ಅದರ ಮೇಲ್ಭಾಗದ ಉದ್ದಕ್ಕೂ ಹಲವು ಆಳಗಳಲ್ಲಿ ನೀರಿನ ಉಷ್ಣತೆ, ಉಪ್ಪು, ಸೆಳೆತಗಳನ್ನು ಅಳೆಯುವ ಮಾಪಕಗಳು. ಎರಡನೆಯದು ಹರಿದಾಡುವಂಥದು. ಫುಟ್‌ಬಾಲಿಗಿಂತ ತುಸು ದೊಡ್ಡ ಚೆಂಡು, ಅದರ ಕೆಳಗೆ ಹದಿನೈದು ಮೀಟರ್ ಆಳದಲ್ಲಿ ತೂಗುವ ಬಟ್ಟೆಯ ಉದ್ದನೆಯ ಚೀಲ. ಚೀಲವನ್ನು ನೀರು ಎಳೆಯುತ್ತದೆ, ಚೆಂಡು ಹಿಂಬಾಲಿಸುತ್ತದೆ. ಗಾಳಿಯ ತಳ್ಳಾಟಕ್ಕೆ ಅಷ್ಟಾಗಿ ಸಿಕ್ಕದೆ ನೀರಿನ ನಿಜವಾದ ನಡೆಯನ್ನು ತೋರಿಸುತ್ತದೆ. ವರದಾ ನದಿಯ ಸೇತುವೆಯ ಮೇಲೆ ನಿಂತು ಕೆಳಗೆ ಹಾಯುವ ನೀರನ್ನು ಲೆಕ್ಕ ಹಾಕುವವನೊಬ್ಬ, ಅದೇ ನೀರಿನಲ್ಲಿ ಹರಿಗೋಲು ಬಿಟ್ಟು ಅದು ಒಯ್ದಲ್ಲಿಗೆ ಹೋಗುವವನು ಇನ್ನೊಬ್ಬ. ಒಬ್ಬನಿಗೆ ಕಾಲ ತಿಳಿಯುತ್ತದೆ, ಇನ್ನೊಬ್ಬನಿಗೆ ದಾರಿ ತಿಳಿಯುತ್ತದೆ. ಇಬ್ಬರ ಮಾತೂ ಸೇರಿದಾಗ ಹೊಳೆ ಅರ್ಥವಾಗುತ್ತದೆ.

ಈ ಕೆಲಸ ನಮ್ಮ ದೇಶದಲ್ಲಿ ಶುರುವಾಗಿ ಬಹಳ ಕಾಲವಾಗಿಲ್ಲ. ಚೆನ್ನೈಯಲ್ಲಿ 1993ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ನಾರ್ವೆಯ ನೆರವಿನಿಂದ 1996ರಲ್ಲಿ ತೇಲುಬುರುಡೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. 1997ರಲ್ಲಿ ಮೊದಲ ಬುರುಡೆಗಳು ನೀರಿಗಿಳಿದವು. ಮುಂದೆ 500 ಮೀಟರ್ ಆಳದವರೆಗೂ ಅಳೆಯುವ ಓಮ್ನಿ ಬುರುಡೆಗಳು ಎರಡೂ ಕಡಲುಗಳಲ್ಲಿ ನೆಲೆಗೊಂಡವು. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಈ ಅಂಕಿಗಳನ್ನು ಸಂಗ್ರಹಿಸಿ ಮೀನುಗಾರರಿಗೂ ಹವಾಮಾನ ಇಲಾಖೆಗೂ ಸಂಶೋಧಕರಿಗೂ ತಲುಪಿಸುತ್ತದೆ. ನಮ್ಮದೇ ಕಾರವಾರದ ದಡದ ಬಳಿಯೂ ಅಲೆಯ ಎತ್ತರ ಅಳೆಯುವ ತೇಲುಬುರುಡೆ ಇರಿಸಿದ್ದಾರೆ. ಹರಿದಾಡುವ ಬುರುಡೆಗಳ ಜಾಗತಿಕ ಜಾಲದಲ್ಲಿ 2005ರ ಸೆಪ್ಟೆಂಬರಿನಲ್ಲಿ 1,250ನೆಯದು ನೀರಿಗಿಳಿದಾಗ, ಭೂಮಿಯ ಕಡಲುಗಳಲ್ಲಿ ಐದು ಡಿಗ್ರಿ ಉದ್ದಗಲದ ಚೌಕಕ್ಕೆ ಒಂದರಂತೆ ಬುರುಡೆ ಇರಬೇಕೆಂಬ ಗುರಿ ಕೈಗೂಡಿತು. ಒಂದು ದೇಶ ಅಳೆದದ್ದನ್ನು ಎಲ್ಲ ದೇಶಗಳೂ ಬಳಸುವ ವಿಶ್ವ ಹವಾಮಾನ ಸಂಸ್ಥೆಯ ವ್ಯವಸ್ಥೆಯಲ್ಲಿ ಈ ಅಂಕಿಗಳೂ ಹರಿಯುತ್ತವೆ. ಬೆಂಗಳೂರಿನ, ಪುಣೆಯ, ದಿಲ್ಲಿಯ ಮುನ್ಸೂಚನೆಗಳಲ್ಲಿ ಯಾರೋ ಎಲ್ಲೋ ನೀರಿಗಿಳಿಸಿದ ಚೆಂಡೊಂದರ ಮಾತೂ ಸೇರಿರುತ್ತದೆ.

ಈ ಅಳತೆಗಳಿಂದ ನಮಗೆ ತಿಳಿದದ್ದೇನು ಎಂಬುದಕ್ಕೆ ಕರ್ನಾಟಕದ ನೆಲದಲ್ಲೇ ನಡೆದ ಕೆಲಸದಿಂದ ಸಾಕ್ಷ್ಯ ತರುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು 1984ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ನಮ್ಮ ಸುತ್ತಲಿನ ಕಡಲಿನ ಮೇಲ್ಮೈ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಎಂಬ ಹೊಸ್ತಿಲನ್ನು ದಾಟಿದ ಮೇಲೆಯೇ ದೊಡ್ಡ ಮೋಡಗಳು ಏಳುವ ಸಂಭವ ಬಲವಾಗುತ್ತದೆ. ಹೊಸ್ತಿಲು ದಾಟಿದರೆ ಮಳೆ ಬಂದೇ ಬರುತ್ತದೆ ಎಂದಲ್ಲ. ದಾಟದಿದ್ದರೆ ಮೋಡ ಏಳುವುದು ಕಷ್ಟ. ಆಗ ಹೊಸದೊಂದು ಪ್ರಶ್ನೆ ಎದ್ದಿತು. ಮುಂಗಾರಿನ ನಾಲ್ಕು ತಿಂಗಳಲ್ಲಿ ಮಳೆ ಎಂದೂ ಒಂದೇ ಸಮನೆ ಸುರಿಯುವುದಿಲ್ಲ, ಕೆಲವು ವಾರ ಬಿರುಸು, ಕೆಲವು ವಾರ ಬಿಡುವು. ಈ ಏರಿಳಿತದಲ್ಲಿ ಕಡಲಿನ ಪಾಲೇನು? ಮೋಡ ಕವಿದ ದಿನಗಳಲ್ಲಿ ಅಂದಿನ ಉಪಗ್ರಹಗಳ ಅವಕೆಂಪು ಕಣ್ಣಿಗೆ ಕಡಲು ಕಾಣುತ್ತಿರಲಿಲ್ಲ. ಹಡಗುಗಳ ಅಂಕಿಗಳು ಅಲ್ಲೊಂದು ಇಲ್ಲೊಂದು. ಆದ್ದರಿಂದ ಬಂಗಾಳ ಕೊಲ್ಲಿಯ ಉಷ್ಣತೆ ಮಳೆಗಾಲದುದ್ದಕ್ಕೂ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ ಎಂಬ ಚಿತ್ರ ಉಳಿದುಕೊಂಡಿತ್ತು. 1997ರಲ್ಲಿ ಇಳಿಸಿದ ಬುರುಡೆಗಳು 1998ರ ಮಳೆಗಾಲವನ್ನು ಮೋಡದ ಕೆಳಗೇ ಕುಳಿತು ಅಳೆದವು. ಆ ಅಂಕಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಶಿಸ್ ಸೇನ್‌ಗುಪ್ತಾ ಮತ್ತು ಸಾಗರ ವಿಜ್ಞಾನಿ ಎಂ. ರವಿಚಂದ್ರನ್ ಪರಿಶೀಲಿಸಿದಾಗ, ಮಳೆಯ ಬಿರುಸಿನಲ್ಲಿ ಕೊಲ್ಲಿ ತಣಿಯುವುದೂ ಬಿಡುವಿನಲ್ಲಿ ಬಿಸಿಲುಂಡು ಮತ್ತೆ ಕಾಯುವುದೂ ಕಣ್ಣಿಗೆ ಕಟ್ಟಿದಂತೆ ಕಂಡವು. ಕಡಲು ಸುಮ್ಮನೆ ಹಾಸಿದ ಚಾಪೆಯಲ್ಲ, ಮಳೆಯೊಂದಿಗೆ ಉಸಿರಾಡುವ ಒಡಲು ಎಂಬುದು ಅಂಕಿಗಳಿಂದಲೇ ಸಿದ್ಧವಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಿತ್ತಿ ಎಡೆ ಹೊಡೆದ ಹೊಲ ಮೂರು ವಾರ ಬಾಯಾರಿ ನಿಲ್ಲುವ ಆ ಬಿಡುವಿನ ಕಾಲದಲ್ಲಿ ಕೊಲ್ಲಿ ಮುಂದಿನ ಮಳೆಗೆ ಹದಗೊಳ್ಳುತ್ತಿರುತ್ತದೆ. ಎರಡು ಮೂರು ವಾರ ಮುಂಚೆ ಮಳೆಯ ಒಲವನ್ನು ಹೇಳಲು ಇಂದು ಹವಾಮಾನ ಇಲಾಖೆ ಮಾಡುವ ಪ್ರಯತ್ನಕ್ಕೆ ಇಂಥ ತಿಳಿವಳಿಕೆಯೇ ಬುನಾದಿ.

ಅರಬ್ಬಿ ಸಮುದ್ರದ ಸಾಕ್ಷ್ಯ ಇನ್ನೂ ಹತ್ತಿರದ್ದು. 1994ರ ಅಕ್ಟೋಬರಿನಿಂದ 1995ರ ಅಕ್ಟೋಬರಿನವರೆಗೆ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ವಿಜ್ಞಾನಿಗಳು ಒಮಾನ್ ದೇಶದಾಚೆಯ ಕಡಲಿನಲ್ಲಿ ಒಂದು ಬುರುಡೆಯನ್ನು ಲಂಗರು ಹಾಕಿ ನಿಲ್ಲಿಸಿದರು. ಆ ಜಾಗದ ಅಕ್ಷಾಂಶ 15.5 ಡಿಗ್ರಿ, ಬಂಕಾಪುರದ್ದು 15ಕ್ಕೆ ತುಸು ಕಡಿಮೆ. ನಮ್ಮ ನೇರಕ್ಕೇ ಇದ್ದ ಆ ಬುರುಡೆ ಒಂದು ಹಳೆಯ ಲೆಕ್ಕವನ್ನು ತಿದ್ದಿತು. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ತಣಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗಾಳಿಗೆ ನೀರು ಆವಿಯಾಗಿ ಶಾಖ ಕಳೆದುಕೊಳ್ಳುವುದರಿಂದಲೇ ಹಾಗಾಗುತ್ತದೆ ಎನ್ನುವುದು ಸುಲಭದ ಊಹೆ. ಅಳೆದಾಗ ಕಂಡದ್ದು ಬೇರೆ. ಮುಂಗಾರಿನಲ್ಲೂ ಅಲ್ಲಿನ ಕಡಲು ಒಟ್ಟಿನಲ್ಲಿ ಮೇಲಿನಿಂದ ಶಾಖವನ್ನು ಪಡೆಯುತ್ತಲೇ ಇತ್ತು. ಹಾಗಿದ್ದೂ ತಣಿದದ್ದಕ್ಕೆ ಕಾರಣವನ್ನು ನೀರಿನ ಒಳಗೇ ಹುಡುಕಬೇಕಾಯಿತು: ಬಿರುಗಾಳಿ ಮೇಲಿನ ನೀರನ್ನು ಕಲಕಿ ಕೆಳಗಿನ ತಣ್ಣೀರನ್ನು ಬೆರೆಸುತ್ತಿತ್ತು. ಇನ್ನೊಂದು ಉದಾಹರಣೆ ಲಕ್ಷದ್ವೀಪದ ಸುತ್ತಲಿನದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿನ ನೀರು 30 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಕೇರಳಕ್ಕೆ ಮುಂಗಾರು ಇಳಿಯುವ ಮುನ್ನ ಆ ಕಾದ ನೀರಿನ ನೆರೆಯಲ್ಲಿ ಕೆಲವು ವರ್ಷ ಸುಳಿಗಾಳಿಯೂ ಏಳುತ್ತದೆ. ಅಲ್ಲಿಯೇ ಏಕೆ ಅಷ್ಟು ಕಾಯುತ್ತದೆ? ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆಯರು ಸುರಿದ ಸಿಹಿನೀರು ಬೆರೆತ ಹಗುರ ನೀರು ಚಳಿಗಾಲದ ಸೆಳೆತದಲ್ಲಿ ಶ್ರೀಲಂಕೆಯನ್ನು ಸುತ್ತಿ ಅಲ್ಲಿಗೆ ಬರುತ್ತದೆ. ಭಾರದ ಉಪ್ಪುನೀರಿನ ಮೇಲೆ ಕೆನೆಯಂತೆ ನಿಲ್ಲುತ್ತದೆ. ಬಿಸಿಲಿನ ಶಾಖ ಆ ತೆಳುಪದರದಲ್ಲೇ ಉಳಿಯುತ್ತದೆ. ವರದೆಯ ನೀರು ತುಂಗಭದ್ರೆಗೆ, ತುಂಗಭದ್ರೆಯ ನೀರು ಕೃಷ್ಣೆಗೆ ಸೇರುವುದನ್ನು ನೆನೆದರೆ, ಹೊಲದಿಂದ ಹರಿದುಹೋದ ನೀರು ಮುಂಗಾರಿನ ಹೊಸ್ತಿಲಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಉಪ್ಪಿನ ಈ ಪದರಗಳನ್ನು ಆಳ ಆಳಕ್ಕೆ ಅಳೆದು ಹೇಳಬಲ್ಲದ್ದು ನೀರಿನೊಳಗಿನ ಮಾಪಕವೇ.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ. ಇಸ್ರೋದಂಥ ಸಂಸ್ಥೆ ನಮ್ಮಲ್ಲಿದೆ, ಓಷನ್‌ಸ್ಯಾಟ್, ಇನ್ಸಾಟ್ ಉಪಗ್ರಹಗಳು ಇಡೀ ಕಡಲನ್ನು ಒಂದೇ ನೋಟದಲ್ಲಿ ಕಾಣುತ್ತವೆ. ಅಲೆಗಳ ನಡುವೆ ಒದ್ದಾಡುವ ಕೆಲವು ಬುರುಡೆಗಳ ಹಂಗು ಇನ್ನೇಕೆ? ಪ್ರಶ್ನೆ ನ್ಯಾಯವಾದದ್ದು. ಉಪಗ್ರಹದ ಹರಹು ಬುರುಡೆಗೆ ಎಂದೂ ಬಾರದು. 1997ರ ಕೊನೆಗೆ ಹಾರಿದ ಟ್ರಿಮ್ ಉಪಗ್ರಹದ ಮೈಕ್ರೋವೇವ್ ಕಣ್ಣು ಮೋಡವನ್ನು ತೂರಿ ನೋಡಿ, ಬುರುಡೆಗಳು ಕೊಲ್ಲಿಯಲ್ಲಿ ಕಂಡ ಏರಿಳಿತ ಎಷ್ಟು ದೂರ ಹಬ್ಬಿದೆ ಎಂಬುದನ್ನು ತೋರಿಸಿತು. ಆದರೆ ಉಪಗ್ರಹ ಕಾಣುವುದು ಕಡಲಿನ ಚರ್ಮವನ್ನು. ಮೈಯೊಳಗಿನ ಜ್ವರ ಅದಕ್ಕೆ ನೇರವಾಗಿ ತಿಳಿಯದು. ಕಡಲಮಟ್ಟದ ವಾಯುಒತ್ತಡವನ್ನು ಅದು ನೇರವಾಗಿ ಅಳೆಯಲಾರದು. ಚಂಡಮಾರುತದ ಬಲಕ್ಕೆ ಆ ಒತ್ತಡವೇ ಮುಖ್ಯ ಗುರುತು. 2013ರಲ್ಲಿ ಫೈಲಿನ್ ಚಂಡಮಾರುತ ಕೊಲ್ಲಿಯನ್ನು ಹಾಯುವಾಗ ಅದರ ದಾರಿಯಲ್ಲಿದ್ದ ನಮ್ಮ ಬುರುಡೆಗಳು ಒತ್ತಡ ಕುಸಿದದ್ದನ್ನೂ ನೀರು ತಣಿದದ್ದನ್ನೂ ದಾಖಲಿಸಿದವು. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಉಪಗ್ರಹ ತಪ್ಪಿದರೆ ತಪ್ಪಿದೆ ಎಂದು ಹೇಳುವವರು ಯಾರು? 1982ರ ವಸಂತದಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿದು ಅದರ ದೂಳು ಆಕಾಶದಲ್ಲಿ ಹರಡಿತು. ಆ ತೆರೆಯ ಮೂಲಕ ನೋಡಿದ ಉಪಗ್ರಹ ಪೆಸಿಫಿಕ್ ಸಾಗರವನ್ನು ಇದ್ದುದಕ್ಕಿಂತ ತಣ್ಣಗೆ ತೋರಿಸಿತು. ಆ ಸಾಗರದ ನೀರು ವಾಡಿಕೆ ಮೀರಿ ಕಾಯುವ ಎಲ್ ನಿನೋ, ಅದೂ ಆ ಶತಮಾನದ ಅತಿ ಬಲವಾದವುಗಳಲ್ಲಿ ಒಂದು, ಕಣ್ಣೆದುರೇ ಬೆಳೆಯುತ್ತಿದ್ದರೂ ತಜ್ಞರು ತಿಂಗಳುಗಟ್ಟಲೆ ಅದನ್ನು ಗುರುತಿಸಲಿಲ್ಲ. ಬುರುಡೆಗಳ ಸಾಲು ಆಗ ಅಲ್ಲಿ ಇರಲಿಲ್ಲ. ಸೇರು ಸರಿಯಿದೆಯೇ ಎಂದು ನೋಡಲು ಮುದ್ರೆ ಒತ್ತಿದ ಇನ್ನೊಂದು ಸೇರು ಬೇಕು. ಉಪಗ್ರಹಕ್ಕೆ ತೇಲುಬುರುಡೆ ಅಂಥ ಮುದ್ರೆಯ ಸೇರು.

ಆ ಪೆಟ್ಟಿನಿಂದ ಪಾಠ ಕಲಿತ ಅಮೆರಿಕ, ಜಪಾನ್ ಮೊದಲಾದ ದೇಶಗಳು ಪೆಸಿಫಿಕ್ ಸಾಗರದ ಸಮಭಾಜಕದುದ್ದಕ್ಕೂ ಸುಮಾರು 70 ಬುರುಡೆಗಳ ಸಾಲನ್ನು 1994ರ ಕೊನೆಯ ಹೊತ್ತಿಗೆ ಪೂರ್ಣಗೊಳಿಸಿದವು. 1997ರ ಎಲ್ ನಿನೋ ದಿನದಿನವೂ ಬೆಳೆದದ್ದನ್ನು ಜಗತ್ತು ಆ ಸಾಲಿನ ಮೂಲಕ ಕಂಡಿತು. ಆದರೆ ನಮಗೆ ಅಷ್ಟರಿಂದಲೇ ಸಮಾಧಾನವಾಗಲಿಲ್ಲ. 1997ರಲ್ಲಿ ಎಲ್ ನಿನೋ ಅತಿ ಬಲವಾಗಿತ್ತು, ದೇಶಕ್ಕೆ ಬರ ಬರುತ್ತದೆ ಎಂಬ ಭಯವಿತ್ತು. ದೇಶದ ಮಳೆ ವಾಡಿಕೆಯ ಶೇಕಡಾ 102ರಷ್ಟು ಆಯಿತು. 2002ರಲ್ಲಿ ಎಲ್ ನಿನೋ ಅಷ್ಟೇನೂ ದೊಡ್ಡದಾಗಿರಲಿಲ್ಲ. ಜುಲೈ ತಿಂಗಳ ಮಳೆ ವಾಡಿಕೆಯ ಅರ್ಧಕ್ಕೆ ಕುಸಿದು, ಇಡೀ ಹಂಗಾಮಿನಲ್ಲಿ ಶೇಕಡಾ 19ರಷ್ಟು ಕೊರತೆಯಾಯಿತು. ದೂರದ ಪೆಸಿಫಿಕ್ ಒಂದನ್ನೇ ನೋಡಿದರೆ ನಮ್ಮ ಮಳೆ ತಿಳಿಯದು ಎಂಬುದಕ್ಕೆ ಇವೆರಡು ವರ್ಷಗಳೇ ಸಾಕ್ಷಿ. ಹಿಂದೂ ಮಹಾಸಾಗರದ ಪಡುವಣ ತುದಿ ಕಾದು ಮೂಡಣ ತುದಿ ತಣಿಯುವ, ಅಥವಾ ಅದಕ್ಕೆ ತಿರುಗಾಮುರುಗಾ ಆಗುವ ದ್ವಿಧ್ರುವ ಎಂಬ ತೂಗಾಟವನ್ನು 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ಗುರುತಿಸಿದರು. ಆ ಲೇಖನದ ಕರ್ತೃಗಳಲ್ಲಿ ಒಬ್ಬರಾದ ಪಿ. ಎನ್. ವಿನಯಚಂದ್ರನ್ ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ ಈ ಕಡಲುಗಳ ಅಧ್ಯಯನವನ್ನು ಬೆಳೆಸಿದರು. ನಮ್ಮ ಸಾಗರಕ್ಕೂ ಪೆಸಿಫಿಕ್ಕಿನಂಥದೇ ಸಾಲು ಬೇಕೆಂಬ ಅರಿವಿನಿಂದ 2004ರಲ್ಲಿ ರಾಮಾ ಎಂಬ ಅಂತರರಾಷ್ಟ್ರೀಯ ಜಾಲ ಆರಂಭವಾಯಿತು. 46 ತಾಣಗಳ ಯೋಜನೆ ಅದು. ಭಾರತ ಹಡಗಿನ ದಿನಗಳನ್ನು ಕೊಡುವುದು, ಅಮೆರಿಕ ಉಪಕರಣ ಕೊಡುವುದು ಎಂಬ ಮುಯ್ಯಾಳಿನ ರೀತಿಯ ಒಪ್ಪಂದದಲ್ಲಿ ಅದು ನಡೆದುಬಂದಿದೆ.

ಈಗ ನನ್ನ ವಾದದ ನಡುಮನೆಗೆ ಬರುತ್ತೇನೆ. ಪೆಸಿಫಿಕ್ಕಿನ ಆ ಹೆಮ್ಮೆಯ ಸಾಲು ಮುಂದೇನಾಯಿತು? ಅದನ್ನು ದುರಸ್ತಿ ಮಾಡುತ್ತಿದ್ದ ಹಡಗನ್ನು ಖರ್ಚಿನ ಕಾರಣಕ್ಕೆ 2012ರಲ್ಲಿ ನಿಲ್ಲಿಸಿದರು. ಎರಡೇ ವರ್ಷಗಳಲ್ಲಿ ಸಾಲಿನಿಂದ ಬರಬೇಕಾದ ಅಂಕಿಗಳಲ್ಲಿ ಸುಮಾರು ಶೇಕಡಾ 40ರಷ್ಟು ಮಾತ್ರ ಬರತೊಡಗಿದವು. ಜಗತ್ತಿನ ಅತಿ ಶ್ರೀಮಂತ ದೇಶದ ಸಾಲಿಗೇ ಹೀಗಾಯಿತು. ಬುರುಡೆಗಳೆಲ್ಲ ಒಮ್ಮೆಲೇ ಮುಳುಗಲಿಲ್ಲ, ಒಂದೊಂದಾಗಿ ಮೌನವಾದವು. ನಮ್ಮ ಸಾಗರದಲ್ಲೂ ಕಡಲ್ಗಳ್ಳರ ಭಯದಿಂದ ಪಡುವಣದ ತಾಣಗಳ ಕೆಲಸ ವರ್ಷಗಟ್ಟಲೆ ಹಿಂದುಳಿಯಿತು. 2020ರ ಸಾಂಕ್ರಾಮಿಕದಲ್ಲಿ ಹಡಗುಗಳು ಹೊರಡಲಾಗದೆ ಬುರುಡೆಗಳು ಆರೈಕೆ ಕಾಣದೆ ಉಳಿದವು. ಏರಿಯ ಮೇಲೆ ಬೆಳೆದ ಗಿಡ ಕಿತ್ತುಹಾಕದಿದ್ದರೆ ಬೇರು ಬಿರುಕಾಗುವಂತೆ, ಕಡಲಿನಲ್ಲಿ ಮಾಪಕದ ಮೇಲೆ ಪಾಚಿಯೂ ಚಿಪ್ಪಿನ ಜೀವಿಗಳೂ ಹತ್ತಿ ಅಳತೆಯನ್ನು ಮೆಲ್ಲಗೆ ಕೆಡಿಸುತ್ತವೆ. ಬ್ಯಾಟರಿ ಸೋಲುತ್ತದೆ, ಹಗ್ಗ ಸವೆಯುತ್ತದೆ. ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಹಡಗು ಹೋಗಿ ಬುರುಡೆಯನ್ನು ಎತ್ತಿ, ತೊಳೆದು, ಮಾಪಕಗಳನ್ನು ಪರೀಕ್ಷಿಸಿ, ಹೊಸದನ್ನು ಇಳಿಸಬೇಕು. ಒಂದು ವರ್ಷ ತಪ್ಪಿದರೆ ಆ ವರ್ಷದ ಅಳತೆಯನ್ನು ಯಾವ ಹಣವೂ ಮರಳಿ ತರಲಾರದು. ಹೂಳು ತುಂಬಿದ ಕೆರೆಯನ್ನು ಹತ್ತು ವರ್ಷದ ಮೇಲಾದರೂ ತೋಡಬಹುದು; ಅಳೆಯದೆ ಬಿಟ್ಟ ಮಳೆಗಾಲವನ್ನು ತೋಡಿ ತೆಗೆಯುವುದು ಸಾಧ್ಯವಿಲ್ಲ. ಒಂದು ಜಾಗದ ವಾಡಿಕೆ ಹವಾಮಾನ ಎಂದು ಹೇಳಲು ವಿಶ್ವ ಹವಾಮಾನ ಸಂಸ್ಥೆ ಒಪ್ಪುವುದು ಮೂವತ್ತು ವರ್ಷಗಳ ದಾಖಲೆಯನ್ನು. 1997ರಿಂದ ಎಣಿಸಿದರೆ ನಮ್ಮ ಕಡಲಿನ ಬುರುಡೆಗಳಿಗೆ ಮೂವತ್ತು ತುಂಬುವುದು 2027ಕ್ಕೆ; ಅದೂ ನಡುವೆ ಅಲ್ಲಲ್ಲಿ ಕಡಿದ ದಾಖಲೆ. ಅರಬ್ಬಿ ಸಮುದ್ರ ಕಾಯುತ್ತಿದೆ, ಅದರ ಚಂಡಮಾರುತಗಳು ಬಲಿಯುತ್ತಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಹೋಯಿತು. ಯಾವುದು ವಾಡಿಕೆ, ಯಾವುದು ಬದಲಾವಣೆ ಎಂದು ತೀರ್ಪು ಹೇಳುವ ಹೊತ್ತಿಗೆ ಸಾಕ್ಷಿಯ ಬಾಯಿ ಕಟ್ಟಿಹೋಗಬಾರದು.

ಎರಡನೆಯ ಆಕ್ಷೇಪ ಖರ್ಚಿನದು, ಅದು ನಮ್ಮ ರೈತರ ಬಾಯಿಂದಲೇ ಬರುವಂಥದು. ಕಡಲಿಗೆ ಚೆಲ್ಲುವ ಹಣವನ್ನು ಹಳ್ಳಿಗಳ ಮಳೆಮಾಪಕಗಳಿಗೆ ಕೊಡಿ. ಅಲ್ಲದೆ ಇಷ್ಟೆಲ್ಲ ಅಳೆದರೂ ಮುನ್ಸೂಚನೆ ನಮ್ಮ ಹೊಲದ ಮಟ್ಟಿಗೆ ತಪ್ಪುತ್ತಲೇ ಇದೆಯಲ್ಲ ಎಂಬ ಮಾತು. ಇದರ ಮೊದಲ ಅರ್ಧಕ್ಕೆ ಉತ್ತರ ಹೀಗೆ. ಕರ್ನಾಟಕವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ದೂರಸಂಪರ್ಕದ ಮಳೆಮಾಪಕಗಳನ್ನು ನೆಟ್ಟಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವುಗಳ ಲೆಕ್ಕವನ್ನು ನೋಡಿಕೊಳ್ಳುತ್ತದೆ. ಬರದ ಘೋಷಣೆಗೆ, ಬೆಳೆ ಪರಿಹಾರಕ್ಕೆ ಆ ಅಂಕಿಗಳು ಬೇಕೇ ಬೇಕು. ಆದರೆ ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು. ಬರಲಿರುವ ಮಳೆಯ ಸುಳಿವು ಹುಟ್ಟುವುದು ಕಡಲಿನಲ್ಲಿ. ಒಂದು ಜಮೆಯ ಪುಸ್ತಕ, ಇನ್ನೊಂದು ಬರಬೇಕಾದ ಬಾಕಿಯ ಪುಸ್ತಕ. ಎರಡನ್ನೂ ಇಡದ ಅಂಗಡಿ ನಡೆಯುವುದಿಲ್ಲ. ಎರಡನೆಯ ಅರ್ಧವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಬುರುಡೆ ಭವಿಷ್ಯ ಹೇಳುವುದಿಲ್ಲ, ಇಂದಿನ ಸ್ಥಿತಿಯನ್ನು ಹೇಳುತ್ತದೆ. ಗಾಳಿಯ ಸ್ವಭಾವದಲ್ಲೇ ಇರುವ ಅನಿಶ್ಚಯ ಎಷ್ಟು ಅಳೆದರೂ ಪೂರ್ತಿ ನೀಗದು. ಇಂತಿಂಥ ದಿನ ಬಂಕಾಪುರದ ಇಂತಿಂಥ ಸರ್ವೆ ನಂಬರಿನಲ್ಲಿ ಇಷ್ಟು ಮಳೆ ಎಂದು ತಿಂಗಳ ಮುಂಚೆ ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಆದರೆ ಒಕ್ಕಲುತನಕ್ಕೆ ಬೇಕಾದದ್ದು ಅಂಥ ಜಾತಕವಲ್ಲ. ಮೇಲುಗೊಬ್ಬರ ಈ ವಾರ ಹಾಕಲೋ ಮುಂದಿನ ವಾರವೋ, ಔಷಧ ಹೊಡೆದರೆ ಮಳೆ ತೊಳೆದೀತೇ, ಗೋವಿನಜೋಳದ ತೆನೆ ಮುರಿಯಲು ನಾಲ್ಕು ದಿನ ಬಿಸಿಲು ಸಿಕ್ಕೀತೇ ಎಂಬ ನಿರ್ಧಾರಗಳಲ್ಲಿ ಒಲವು ಗೊತ್ತಾದರೂ ಸಾಕು. ಪಾವಗಡದ ಶೇಂಗಾ ಬೆಳೆಗಾರರ ಜೊತೆ ಸೇರಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಮಾಡಿದ ಕೆಲಸದ ಸಾರವೂ ಇದೇ: ರೈತ ಯಾವ ನಿರ್ಧಾರ ಮಾಡಬೇಕಾಗಿದೆ ಎಂಬುದನ್ನು ಕೇಳಿ, ಅದಕ್ಕೆ ತಕ್ಕ ಮಳೆಯ ಮಾಹಿತಿಯನ್ನು ಹುಡುಕಬೇಕು. 2023ರ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ಬಿಡುವಿನ ಸೂಚನೆ ಒಂದೆರಡು ವಾರ ಮುಂಚೆ ನಂಬಿಕೆಗೆ ತಕ್ಕಂತೆ ಸಿಕ್ಕರೂ ಎರಡನೆಯ ಸಲದ ಗೊಬ್ಬರದ ಹಣ ರೈತನ ಕೈಯಲ್ಲಿ ಉಳಿಯುತ್ತದೆ.

ಮೂರನೆಯದು ಆಕ್ಷೇಪ ಎನ್ನುವುದಕ್ಕಿಂತ ಹಿರಿಯರ ಹೆಮ್ಮೆಯ ಮಾತು. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು ಎಂದು ಮಳೆಗಳ ಲೆಕ್ಕ ನಮ್ಮಲ್ಲಿ ಮೊದಲೇ ಇದೆಯಲ್ಲವೇ? ಇದೆ, ಅದನ್ನು ತಲೆಬಾಗಿ ಗೌರವಿಸಬೇಕು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕದಲ್ಲಿ ವರ್ಷವನ್ನು ಭಾಗ ಮಾಡಿ, ಯಾವ ಭಾಗದಲ್ಲಿ ಯಾವ ಬೀಜ, ಯಾವ ಮಳೆಗೆ ಯಾವ ರೋಗ ಎಂದು ತಲೆಮಾರುಗಳು ನೋಡಿ ನೋಡಿ ಕಟ್ಟಿದ ಜ್ಞಾನ ಅದು. ಕೇರಳಕ್ಕೆ ಮುಂಗಾರು ಇಳಿಯುವ ವಾಡಿಕೆಯ ದಿನ ಜೂನ್ 1. ಮಿರಗ ಹಿಡಿಯುವುದು ಜೂನ್ 7ರ ಸುಮಾರಿಗೆ. ಕೂರಿಗೆ ಹೂಡುವ ಹೊತ್ತನ್ನು ಅಜ್ಜಂದಿರು ಎಷ್ಟು ನಿಖರವಾಗಿ ಗೊತ್ತುಮಾಡಿದ್ದರು ಎಂಬುದಕ್ಕೆ ಇದೇ ಗುರುತು. ಆದರೆ ಆ ಲೆಕ್ಕ ಹೇಳುವುದು ವಾಡಿಕೆಯನ್ನು. ಈ ವರ್ಷ ವಾಡಿಕೆಗಿಂತ ಎಷ್ಟು ಆಚೀಚೆ ಎಂಬುದನ್ನು ಸೂರ್ಯನ ನಡೆ ಹೇಳಲಾರದು, ಏಕೆಂದರೆ ಸೂರ್ಯ ಎಲ್ಲ ವರ್ಷವೂ ಒಂದೇ ದಾರಿಯಲ್ಲಿ ನಡೆಯುತ್ತಾನೆ, ಬೇರೆಯಾಗುವುದು ಕಡಲು. ನಕ್ಷತ್ರದ ಲೆಕ್ಕ ಹುಟ್ಟಿದ್ದೂ ಬಿಡದೆ ನೋಡಿದ್ದರಿಂದಲೇ ಎಂಬುದನ್ನು ಮರೆಯಬಾರದು. ಹಾಗೆ ನೋಡಿದರೆ ತೇಲುಬುರುಡೆ ಆ ಹಿರಿಯರ ಹಾದಿಯನ್ನೇ ಮುಂದುವರಿಸುತ್ತದೆ. ಅವರು ಬಾನನ್ನು ನೋಡಿದ ತಾಳ್ಮೆಯಿಂದ ಅದು ನೀರನ್ನು ನೋಡುತ್ತದೆ.

ಉಳಿದದ್ದು ಮೀನುಗಾರರ ಪ್ರಶ್ನೆ. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತದೆ, ಮೀನು ಸೇರಿದಲ್ಲಿಗೆ ದೋಣಿ ಬರುತ್ತದೆ. ದೋಣಿಯನ್ನು ಬುರುಡೆಗೆ ಕಟ್ಟುವುದು, ಬಲೆ ಸಿಕ್ಕಿಕೊಂಡಾಗ ಹಗ್ಗ ಕತ್ತರಿಸುವುದು, ಸೌರಫಲಕ ಮಾಪಕಗಳು ಕಾಣೆಯಾಗುವುದು ಪ್ರಪಂಚದ ಎಲ್ಲ ಕಡಲುಗಳಲ್ಲೂ ನಡೆದಿದೆ; ಬುರುಡೆಗಳ ನಷ್ಟಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇದನ್ನು ಬರೀ ಅಪರಾಧವೆಂದು ನೋಡಿದರೆ ಪರಿಹಾರ ಸಿಗುವುದಿಲ್ಲ. ಹರಿದ ಬಲೆ ಒಂದು ಮನೆಯ ದುಡಿಮೆ. ಆದರೆ ಆ ಬುರುಡೆಯ ಮೊದಲ ಫಲ ತಲುಪುವುದೂ ಅವರಿಗೇ. ಅಲೆ ಏಳುವ ಎಚ್ಚರಿಕೆ, ಕಡಲಿಗೆ ಇಳಿಯಬೇಡಿ ಎಂಬ ಸೂಚನೆ ಇವೆಲ್ಲದರ ಹಿಂದೆ ಅಲ್ಲಿ ತೇಲುವ ಹಳದಿ ತಟ್ಟೆಯ ಅಂಕಿಗಳೂ ಇರುತ್ತವೆ ಎಂಬುದು ಕಾರವಾರ, ಹೊನ್ನಾವರ, ಭಟ್ಕಳ, ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಕನ್ನಡ, ಕೊಂಕಣಿ, ತುಳು ಮಾತುಗಳಲ್ಲಿ ಇನ್ನೂ ಬಲವಾಗಿ ಕೇಳಬೇಕು. ಕೆರೆಗೆ ನೀರುಗಂಟಿ ಇದ್ದಂತೆ ಕಡಲಿನ ಬುರುಡೆಗೂ ನೀರುಗಂಟಿ ಬೇಕು. ಹಗ್ಗ ಸಡಿಲಿದ್ದನ್ನು, ಬುರುಡೆ ತೇಲಿ ಹೋದದ್ದನ್ನು ಮೊದಲು ಕಾಣುವ ಮೀನುಗಾರನಿಗೆ ಆ ಕಾವಲಿನ ಗೌರವವನ್ನೂ ಪ್ರತಿಫಲವನ್ನೂ ಕೊಟ್ಟರೆ, ದೂರದ ಚೆನ್ನೈಯಿಂದ ಹಡಗು ಬರುವ ಮೊದಲೇ ಅರ್ಧ ರಕ್ಷಣೆ ಆದಂತೆ.

ಹಾಗಾದರೆ ಒಳನಾಡಿನ ನಾವು ಕೇಳಬೇಕಾದದ್ದೇನು? ಹೊಸ ಬುರುಡೆ ಇಳಿಸಿದ ಸುದ್ದಿಗೆ ಚಪ್ಪಾಳೆ ತಟ್ಟುವಾಗ, ಹಳೆಯದರ ಆರೈಕೆಗೆ ಹಡಗಿನ ದಿನಗಳು ಎಷ್ಟು ಮೀಸಲಾಗಿವೆ ಎಂದು ನಮ್ಮ ಪ್ರತಿನಿಧಿಗಳು ಸಂಸತ್ತಿನಲ್ಲಿ ಕೇಳಬೇಕು. ಆರೈಕೆಯ ಹಣ ಯೋಜನೆಯ ಅವಧಿ ಮುಗಿದೊಡನೆ ಮುಗಿಯದೆ, ಕೆರೆಗೊಡಗೆಯ ಹೊಲದಂತೆ ವರ್ಷ ವರ್ಷವೂ ಫಲ ಕೊಡುವ ಸ್ಥಿರ ನಿಧಿಯಾಗಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ರೈತರಿಗೆ ಕೊಡುವ ಹವಾಮಾನದ ಸಲಹೆಯಲ್ಲಿ ಕಡಲಿನ ಸ್ಥಿತಿಯ ನಾಲ್ಕು ಸಾಲು ತಿಳಿಗನ್ನಡದಲ್ಲಿ ಸೇರಿದರೆ, ಹೊಲಕ್ಕೂ ಕಡಲಿಗೂ ಇರುವ ನಂಟು ರೈತನ ದಿನದ ಮಾತಾಗುತ್ತದೆ. ನಮ್ಮ ಪ್ರೌಢಶಾಲೆಗಳ ಮಕ್ಕಳು ಊರಿನ ಮಳೆಮಾಪಕದ ಅಂಕಿಯ ಪಕ್ಕದಲ್ಲಿ ಎರಡೂ ಕಡಲುಗಳ ಉಷ್ಣತೆಯನ್ನು ಬರೆದಿಡುತ್ತಾ ಹೋಗಲಿ. ಹತ್ತು ವರ್ಷದ ಅಂಥ ಒಂದು ಪುಸ್ತಕ ನೂರು ಭಾಷಣಗಳಿಗಿಂತ ಹೆಚ್ಚು ಕಲಿಸುತ್ತದೆ.

ಈ ಊರಿಗೆ ದೀರ್ಘ ಕೆಲಸದ ಬೆಲೆಯನ್ನು ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. ಜೈನ ಕವಿ ಜಿನಸೇನಾಚಾರ್ಯರು ಮಹಾಪುರಾಣವನ್ನು ಆರಂಭಿಸಿ ಮುಗಿಸಲಾಗದೆ ಹೋದರು. ಅವರ ಶಿಷ್ಯ ಗುಣಭದ್ರರು ಅದನ್ನು ಮುಂದುವರಿಸಿ ಉತ್ತರಪುರಾಣವನ್ನು ರಚಿಸಿದರು. ಗುಣಭದ್ರರ ಶಿಷ್ಯ ಲೋಕಸೇನರ ಕಾಲಕ್ಕೆ, ಶಕ ವರ್ಷ 820ರಲ್ಲಿ, ಲೋಕಾದಿತ್ಯ ಆಳುತ್ತಿದ್ದ ಈ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತು. ಒಂದೇ ಕೃತಿಯ ಹಿಂದೆ ಮೂರು ತಲೆಮಾರು. ಯಾರ ಕೈಯಲ್ಲೂ ದಾರ ಕಡಿಯಲಿಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆ ವರ್ಷವನ್ನು ನಾವು ಹೆಸರಿಸಬಲ್ಲೆವಾದರೆ, ಅದನ್ನು ಬರೆದಿಟ್ಟವರೂ ಪ್ರತಿ ಮಾಡಿದವರೂ ಕಾಪಿಟ್ಟವರೂ ಇದ್ದುದರಿಂದ. ಕಡಲಿನ ಅಳತೆಯೂ ಅಂಥದೇ ಗ್ರಂಥ. ಅದನ್ನು ಆರಂಭಿಸಿದವರು ತಮ್ಮ ಸರದಿಯನ್ನು ಮುಗಿಸುತ್ತಿದ್ದಾರೆ, ಅದರ ಪೂರ್ಣ ಫಲ ಉಣ್ಣುವವರು ಇಂದು ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು. ನಡುವಿನ ಪುಟಗಳು ಖಾಲಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ದತ್ತಿ.